ಮಾತಿಗೆ ಮೊದಲ ಸರದಿ

ಭಾನುವಾರ ರಾತ್ರಿ ಊಟವಾದ ಮೇಲೆ ಬಿಜೈಯ ಒಂದು ಮನೆಯಲ್ಲಿ ತಾಯಿಯೊಬ್ಬರು ಕುವೈತಿನಲ್ಲಿರುವ ಮಗನ ಕರೆಗಾಗಿ ಜಗಲಿಯ ಕುರ್ಚಿಯಲ್ಲಿ ಕಾದು ಕುಳಿತಿರುತ್ತಾರೆ. ನಮ್ಮ ನೆರೆಮನೆಯೇ ಅದು. ನಡುವೆ ಇರುವುದು ಒಂದು ಗಿಡ್ಡ ಕಾಂಪೌಂಡು. ಕಳೆದ ಚಳಿಗಾಲದ ಒಂದು ರಾತ್ರಿ ಆಕೆ ಹೇಳುತ್ತಿದ್ದರು: "ಡಾಕ್ಟ್ರು ಆ ಬಿಳಿ ಮಾತ್ರೆ ನಿಲ್ಲಿಸಬೇಡಿ ಅಂದಿದ್ದಾರೆ." ಮಗನಿಗೆ ಕೇಳಿಸಿದ್ದು "ನಿಲ್ಲಿಸಬೇ" ಎಂಬಲ್ಲಿಯವರೆಗೆ ಮಾತ್ರ. ಪ್ರತಿ ತಿಂಗಳ ಔಷಧವನ್ನು ಅಲ್ಲಿಂದಲೇ ತರಿಸಿ ಮನೆಗೆ ಮುಟ್ಟಿಸುವವನು ಅವನು. "ನಿಲ್ಲಿಸಬೇಕಾ, ಬೇಡ್ವಾ ಅಮ್ಮ?" ಎಂದು ಕೇಳಿದ. ಆಕೆ "ಬೇಡ, ಬೇಡ" ಎಂದು ಮೂರು ಸಲ ಕೂಗಿದರು. ಬೀದಿಗೆಲ್ಲ ಕೇಳಿಸಿತು; ಕುವೈತಿಗೆ ಕೇಳಿಸಲಿಲ್ಲ.

ಕನ್ನಡದ ಸ್ವಭಾವವನ್ನು ನೋಡಿ. ಬೇಕು, ಬೇಡ ಎರಡೂ ನಮ್ಮಲ್ಲಿ ಮಾತಿನ ಬಾಲದಲ್ಲಿ ಕುಳಿತಿರುತ್ತವೆ. ಕೊನೆಯ ಒಂದಕ್ಷರ ದಾರಿಯಲ್ಲಿ ಬಿದ್ದುಹೋದರೆ ಅರ್ಥ ಅರ್ಧವಾಗುವುದಿಲ್ಲ, ತಲೆಕೆಳಗಾಗುತ್ತದೆ.

ಮರುದಿನ ಬೆಳಿಗ್ಗೆ ಆಕೆ ನನ್ನಲ್ಲಿ ದೂರಿಕೊಂಡರು: "ಇಷ್ಟು ದುಡ್ಡು ಕೊಟ್ಟು ಲೈನು ಹಾಕಿಸಿದ್ದು ಮಾರಾಯ್ರೆ. ಅವನು ಹೇಳಿದ್ದು ನನಗೆ ಚಂದ ಕೇಳ್ತದೆ, ನಾನು ಹೇಳಿದ್ದು ಅವನಿಗೆ ಕೇಳುವುದಿಲ್ಲ. ಇದೆಂಥ ಕತೆ?" ಆ ದೂರಿನಲ್ಲಿಯೇ ರೋಗದ ಗುರುತು ಇತ್ತು. ಬರುವ ದಾರಿ ಸರಿಯಾಗಿದ್ದು, ಹೋಗುವ ದಾರಿ ಮಾತ್ರ ಕಟ್ಟಿಕೊಂಡಿತ್ತು. ವಿಚಾರಿಸಿದಾಗ ಗೊತ್ತಾಯಿತು: ಆ ಹೊತ್ತಿಗೆ ಒಳಗಿನ ಕೋಣೆಯಲ್ಲಿ ಮೊಮ್ಮಗ, ಕಂಬಳಕ್ಕೆ ಹೋಗಿ ತೆಗೆದುಕೊಂಡು ಬಂದ ವೀಡಿಯೋಗಳನ್ನೆಲ್ಲ ಇಂಟರ್ನೆಟ್ಟಿಗೆ ಏರಿಸುತ್ತಿದ್ದ. ಅಜ್ಜಿಯ ಮಾತೂ ಕಂಬಳದ ಕೋಣಗಳೂ ಒಂದೇ ಬಾಗಿಲಿನಿಂದ ಹೊರಗೆ ಹೋಗಬೇಕಾಗಿತ್ತು.

ಇದು ಹೇಗೆ ಆಗುತ್ತದೆ, ಇದಕ್ಕೆ ಉಪಾಯವೇನು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಇಂಟರ್ನೆಟ್ಟಿನಲ್ಲಿ ಮಾತು ತಂತಿಯ ಮೇಲೆ ಅಖಂಡವಾಗಿ ಹರಿಯುವುದಿಲ್ಲ. ಪೊಟ್ಟಣ ಪೊಟ್ಟಣವಾಗಿ ಹೋಗುತ್ತದೆ. ದೂರವಾಣಿಯವರು ಬಹುಕಾಲದಿಂದ ಬಳಸುತ್ತಿರುವ ಕ್ರಮದಲ್ಲಿ ಧ್ವನಿಯನ್ನು ಸೆಕೆಂಡಿಗೆ ೮,೦೦೦ ಸಲ ಅಳೆಯುತ್ತಾರೆ. ಒಂದೊಂದು ಅಳತೆಯನ್ನೂ ೮ ಬಿಟ್‌ಗಳಲ್ಲಿ ಬರೆಯುತ್ತಾರೆ. ಅಲ್ಲಿಗೆ ಸೆಕೆಂಡಿಗೆ ೬೪,೦೦೦ ಬಿಟ್ ಆಯಿತು. ಇದನ್ನು ಸಾಮಾನ್ಯವಾಗಿ ಸೆಕೆಂಡಿಗೆ ಐವತ್ತು ಪೊಟ್ಟಣಗಳಾಗಿ ಕಟ್ಟುತ್ತಾರೆ. ಒಂದೊಂದರಲ್ಲಿ ೧೬೦ ಬೈಟ್ ಮಾತು, ಅದರ ಮೇಲೆ ೪೦ ಬೈಟ್ ವಿಳಾಸ ಮುಂತಾದುವು. ವಿಳಾಸದ ಭಾರವೂ ಸೇರಿ ಒಬ್ಬರು ಒಂದು ಕಡೆಗೆ ಮಾತನಾಡಲು ಸೆಕೆಂಡಿಗೆ ೮೦,೦೦೦ ಬಿಟ್ ಸಾಕು. ಮೊಬೈಲಿನ ಆ್ಯಪುಗಳು ಇನ್ನೂ ಮಿತವ್ಯಯಿಗಳು. ಇದರಲ್ಲಿ ಅರ್ಧಕ್ಕಿಂತ ಕಡಮೆಯಲ್ಲಿಯೇ ಕೆಲಸ ಮುಗಿಸಬಲ್ಲುವು.

ಒಂದು ಪೊಟ್ಟಣದಲ್ಲಿ ಇರುವುದು ಸೆಕೆಂಡಿನ ಐವತ್ತನೆಯ ಒಂದು ಪಾಲಿನ ಧ್ವನಿ. ನಾವು ಒಂದು ಅಕ್ಷರ ನುಡಿಯುವಷ್ಟರಲ್ಲಿ ಸುಮಾರಾಗಿ ಹತ್ತು ಪೊಟ್ಟಣಗಳು ಹೊರಟಿರುತ್ತವೆ. ಒಂದು ಕಳೆದರೆ ಆಚೆಯ ಯಂತ್ರ ಹಿಂದಿನದನ್ನು ನೋಡಿ ಊಹೆಯಿಂದ ತೇಪೆ ಹಾಕುತ್ತದೆ, ಕಿವಿಗೆ ತಿಳಿಯುವುದಿಲ್ಲ. ಹತ್ತು ಒಟ್ಟಿಗೆ ಹೋದರೆ "ಬೇಡ" ಎಂಬುದರ "ಡ" ಹೋಯಿತು.

ಇನ್ನು ಆ ಮನೆಯ ಲೈನನ್ನು ತೆಗೆದುಕೊಳ್ಳಿ. ಹೊರಗೆ ಕಳುಹಿಸುವ ಕಡೆಗೆ ಅದರ ಶಕ್ತಿ ಸೆಕೆಂಡಿಗೆ ೪೦ ಲಕ್ಷ ಬಿಟ್. ಅಜ್ಜಿಯ ಮಾತಿಗೆ ಬೇಕಾದುದು ಅದರ ಐವತ್ತನೆಯ ಒಂದು ಪಾಲು. ಅಂದಮೇಲೆ "ಸ್ಪೀಡು ಸಾಲದು, ಇನ್ನೂ ದೊಡ್ಡ ಲೈನು ಹಾಕಿಸಿ" ಎನ್ನುವವರ ಸಲಹೆಯನ್ನು ಪೂರ್ತಿ ನಂಬಬೇಡಿ. ಕೊರತೆ ಇರುವುದು ಜಾಗದ್ದಲ್ಲ, ಸರದಿಯದು.

ಬಾನುಲಿ ಕೇಳುವವರಿಗೆ ಒಂದು ಸಣ್ಣ ಪ್ರಯೋಗವನ್ನು ಹೇಳುತ್ತೇನೆ, ಮನೆಯಲ್ಲಿಯೇ ಮಾಡಿ ನೋಡಬಹುದು. ೧೯೭೬ರಲ್ಲಿ ಆರಂಭವಾದ ನಮ್ಮ ಮಂಗಳೂರು ಆಕಾಶವಾಣಿಯ ಕಾರ್ಯಕ್ರಮವನ್ನು ರೇಡಿಯೋದ ಎಫ್.ಎಂ.ನಲ್ಲಿ ಹಾಕಿ, ಅದೇ ಹೊತ್ತಿಗೆ ಪಕ್ಕದಲ್ಲಿ ಮೊಬೈಲಿನ ಆ್ಯಪಿನಲ್ಲಿಯೂ ಹಾಕಿ. ಮೊಬೈಲು ಕೆಲವು ಸೆಕೆಂಡು ಹಿಂದೆ ಬೀಳುತ್ತದೆ. ವಾರ್ತೆ ಓದುವವರು ರೇಡಿಯೋದಲ್ಲಿ ನಮಸ್ಕಾರ ಹೇಳಿ ಮುಗಿಸಿದ ಮೇಲೆ ಮೊಬೈಲಿನಲ್ಲಿ ಇನ್ನೂ ಹವಾಮಾನ ನಡೆದಿರುತ್ತದೆ. ಆದರೆ ರೇಡಿಯೋ ಬಂದ್ ಮಾಡಿ ಮೊಬೈಲು ಒಂದನ್ನೇ ಕೇಳಿದರೆ ಏನೂ ದೋಷವಿಲ್ಲ. ಏಕೆಂದರೆ ಪ್ರಸಾರ ಒಂದೇ ಕಡೆಯ ಮಾತು. ಯಂತ್ರ ಮುಂಚಿತವಾಗಿ ನಾಲ್ಕಾರು ಸೆಕೆಂಡುಗಳ ಪೊಟ್ಟಣಗಳನ್ನು ಕೂಡಿಹಾಕಿಟ್ಟುಕೊಂಡು, ದಾರಿಯಲ್ಲಿ ತಡವಾದರೂ ನಮಗೆ ತಿಳಿಯದಂತೆ ಬಡಿಸುತ್ತದೆ. ಸಂಭಾಷಣೆಗೆ ಈ ಸೌಕರ್ಯವಿಲ್ಲ. ನಾನು ಕೇಳಿದ ಪ್ರಶ್ನೆಗೆ ನೀವು ನಾಲ್ಕು ಸೆಕೆಂಡಿನ ಮೇಲೆ ಹೂಂಗುಟ್ಟಿದರೆ ಅಷ್ಟರಲ್ಲಿ ನಾನು ಇನ್ನೊಂದು ಪ್ರಶ್ನೆ ಕೇಳಿಯಾಗಿರುತ್ತದೆ. ಯಾವುದಕ್ಕೆ ಯಾವ ಉತ್ತರವೆಂದು ಇಬ್ಬರಿಗೂ ತಿಳಿಯದು. ಮಾತು ಬಾಯಿಂದ ಹೊರಟು ಆಚೆಯ ಕಿವಿಗೆ ಮುಟ್ಟಲು ೧೫೦ ಮಿಲಿಸೆಕೆಂಡಿಗಿಂತ ಹೆಚ್ಚು ಹಿಡಿಯದಿದ್ದರೆ ಸಂಭಾಷಣೆ ಸುಗಮವೆಂದೂ, ೪೦೦ನ್ನು ದಾಟಬಾರದೆಂದೂ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಅಳತೆ ಹಾಕಿಕೊಟ್ಟಿದೆ. ತಡವಾಗಿ ಬಂದ ಧ್ವನಿಪೊಟ್ಟಣ, ಮದುವೆ ಮುಗಿದ ಮೇಲೆ ಬಂದ ಓಲಗದವರಂತೆ. ಯಂತ್ರ ಅದನ್ನು ಎತ್ತಿ ಎಸೆಯುತ್ತದೆ.

ತಡ ಎಲ್ಲಿ ಹುಟ್ಟುತ್ತದೆ? ಮನೆಯ ಗೂಡಿನಲ್ಲಿಯೋ ಗೋಡೆಯ ಮೇಲೆಯೋ ದೀಪ ಮಿನುಗಿಸುತ್ತ ಕುಳಿತಿರುವ ರೌಟರಿನಲ್ಲಿ, ಮತ್ತು ಅದರ ಆಚೆಗೆ ಲೈನಿನವರು ಇಟ್ಟಿರುವ ಮೋಡೆಮ್ಮಿನಲ್ಲಿ. ಮನೆಯೊಳಗಿನ ವೈಫೈ ವಿಶಾಲವಾದುದು, ಹೊರಗಿನ ದಾರಿ ಇಕ್ಕಟ್ಟು. ಬಂದ ಪೊಟ್ಟಣಗಳು ಬಾಗಿಲಲ್ಲಿ ಸಾಲುಗಟ್ಟಿ ನಿಲ್ಲುತ್ತವೆ. ಈ ಸಾಲು ನಿಲ್ಲುವ ಅಂಗಳ ಹತ್ತು ಲಕ್ಷ ಬೈಟ್ ಹಿಡಿಸುವಷ್ಟು ದೊಡ್ಡದೆಂದು ಇಟ್ಟುಕೊಳ್ಳಿ. ಹತ್ತು ಲಕ್ಷ ಬೈಟ್ ಎಂದರೆ ೮೦ ಲಕ್ಷ ಬಿಟ್. ಸೆಕೆಂಡಿಗೆ ೪೦ ಲಕ್ಷದಂತೆ ಕರಗಲು ಪೂರ್ತಿ ಎರಡು ಸೆಕೆಂಡು ಬೇಕು. ಮೊಮ್ಮಗನ ವೀಡಿಯೋ ಆ ಅಂಗಳವನ್ನು ಸದಾ ತುಂಬಿಟ್ಟಿರುತ್ತದೆ. ಅಜ್ಜಿಯ ಪುಟ್ಟ ಪೊಟ್ಟಣ ಬಂದು ಸಾಲಿನ ಕೊನೆಗೆ ನಿಂತರೆ, ಅದರ ಸರದಿ ಎರಡು ಸೆಕೆಂಡಿನ ಮೇಲೆ. ಅಂಗಳ ಪೂರ್ತಿ ತುಂಬಿದ್ದರೆ ನಿಲ್ಲಲೂ ಜಾಗವಿಲ್ಲ, ಅಲ್ಲಿಯೇ ಬಿದ್ದುಹೋಯಿತು. ವೀಡಿಯೋದ ಪೊಟ್ಟಣ ಬಿದ್ದರೆ ಮತ್ತೆ ಕಳುಹಿಸುತ್ತಾರೆ. ಆಡಿದ ಮಾತನ್ನು ಮತ್ತೆ ಕಳುಹಿಸಿ ಪ್ರಯೋಜನವಿಲ್ಲ.

ಅಂಗಳ ದೊಡ್ಡದಾದಷ್ಟೂ ಒಳ್ಳೆಯದೆಂದು ಪೆಟ್ಟಿಗೆ ತಯಾರಿಸುವವರು ಬಹುಕಾಲ ತಿಳಿದಿದ್ದರು. ೨೦೧೦ರ ಸುಮಾರಿಗೆ ಅಮೆರಿಕದ ಜಿಮ್ ಗೆಟ್ಟಿಸ್ ಎಂಬ ತಜ್ಞರು ತಮ್ಮ ಮನೆಯ ಲೈನಿನಲ್ಲಿಯೇ ಈ ತೊಂದರೆಯನ್ನು ಕಂಡು, ಹುಡುಕುತ್ತ ಹೋಗಿ, ಇದಕ್ಕೆ 'ಬಫರ್‌ಬ್ಲೋಟ್' ಎಂದು ಹೆಸರಿಟ್ಟರು. ಅಂಗಳದ ಹೊಟ್ಟೆಯುಬ್ಬರ ಎನ್ನಬಹುದು. ಇಷ್ಟು ದೊಡ್ಡ ತಜ್ಞರ ಮನೆಯಲ್ಲಿಯೂ ಅದೇ ಗೋಳು ಎಂದು ಕೇಳಿದಾಗ ನೆರೆಮನೆಯಾಕೆಗೆ ಸ್ವಲ್ಪ ಸಮಾಧಾನವಾಯಿತು.

ಹಾಗಾದರೆ ಮಾತಿನ ಪೊಟ್ಟಣಗಳನ್ನು ಸಾಲಿನ ಮುಂದಕ್ಕೆ ಬಿಟ್ಟರಾಯಿತಲ್ಲ ಎಂದು ನೀವು ಕೇಳಬಹುದು. ಈ ಯೋಚನೆ ಹೊಸದೇನೂ ಅಲ್ಲ. ಟ್ರಂಕ್ ಕಾಲ್ ಬುಕ್ ಮಾಡಿ ಕಾದವರು ನಿಮ್ಮಲ್ಲಿ ಇನ್ನೂ ಇದ್ದೀರಿ. ೧೯೬೦ರಲ್ಲಿ ಲಖನೌ-ಕಾನ್ಪುರಗಳ ನಡುವೆ ನಮ್ಮ ದೇಶದ ಮೊದಲ ಎಸ್.ಟಿ.ಡಿ. ಆರಂಭವಾದ ಮೇಲೂ ಊರೂರಿಗೆ ಅದು ಬರಲು ಬಹಳ ಕಾಲ ಹಿಡಿಯಿತು. ಅಲ್ಲಿಯವರೆಗೆ ಮುಂಬಯಿಗೆ ಮಾತನಾಡಬೇಕೆಂದರೆ ಎಕ್ಸ್‌ಚೇಂಜಿಗೆ ಹೇಳಿ ಕಾಯಬೇಕು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂದು ಕರೆಗಳಲ್ಲಿ ದರ್ಜೆಗಳಿದ್ದುವು. ಲೈಟ್ನಿಂಗ್ ಎಂದವರಿಗೆ ಮೊದಲ ಸರದಿ. ಆದರೆ ದರ ಹಲವು ಪಟ್ಟು. ಮೂರು ಮಿನಿಟು ಆಗುತ್ತಲೇ ಆಪರೇಟರು ನಡುವೆ ಬಂದು ಎಚ್ಚರಿಸುತ್ತಿದ್ದರು. ಆದುದರಿಂದ ಸಾವು, ಅಪಘಾತ, ಭಾರಿ ವ್ಯಾಪಾರ ಇಷ್ಟಕ್ಕೇ ಜನ ಲೈಟ್ನಿಂಗ್ ಕೇಳುತ್ತಿದ್ದುದು. ಬೆಲೆಯೇ ಬೇಲಿಯಾಗಿತ್ತು.

ಇಂಟರ್ನೆಟ್ಟಿನ ಮೂಲ ನಿಯಮಗಳನ್ನು ೧೯೮೧ರಲ್ಲಿ ಬರೆದಿಟ್ಟವರೂ ಇದನ್ನು ಮರೆಯಲಿಲ್ಲ. ಪ್ರತಿ ಪೊಟ್ಟಣದ ಮೇಲ್ಬರಹದಲ್ಲಿ ಮೂರು ಬಿಟ್‌ಗಳ ಜಾಗ ಬಿಟ್ಟು, ರೂಟೀನ್, ಪ್ರಯಾರಿಟಿ, ಇಮಿಡಿಯೇಟ್, ಫ್ಲಾಶ್ ಎಂದು ಮೇಲಕ್ಕೆ ಎಂಟು ದರ್ಜೆಗಳನ್ನು ಇಟ್ಟರು. ಫ್ಲಾಶ್ ಎಂದರೂ ಮಿಂಚೇ, ಲೈಟ್ನಿಂಗ್ ಎಂದರೂ ಮಿಂಚೇ! ೧೯೯೮ರಲ್ಲಿ ಆ ಜಾಗವನ್ನು ಆರು ಬಿಟ್‌ಗಳಿಗೆ ಹಿಗ್ಗಿಸಿ ೬೪ ಗುರುತುಗಳಿಗೆ ಎಡೆ ಮಾಡಿದರು. ಮಾತಿನ ಪೊಟ್ಟಣಕ್ಕೆ ಈಗ ರೂಢಿಯಲ್ಲಿರುವ ಗುರುತು ೪೬. ಈ ಸಂಖ್ಯೆ ಹೊತ್ತು ಬಂದ ಪೊಟ್ಟಣಕ್ಕೆ ರೌಟರು ಬೇರೆಯೇ ಒಂದು ಸಾಲು ಮಾಡಿ, ಆ ಸಾಲಿನಲ್ಲಿ ಒಂದಾದರೂ ಇರುವವರೆಗೆ ಬೇರೆ ಸಾಲಿನ ಕಡೆಗೆ ತಿರುಗುವುದಿಲ್ಲ. ಆಂಬುಲೆನ್ಸಿಗೆ ದಾರಿ ಬಿಟ್ಟಂತೆ.

ಆಂಬುಲೆನ್ಸಿನ ಮಾತು ಬಂದುದರಿಂದ ಹೇಳುತ್ತೇನೆ. ೨೦೨೦ರ ಫೆಬ್ರವರಿಯಲ್ಲಿ ನಲವತ್ತು ದಿನದ ಒಂದು ಹಸುಗೂಸನ್ನು ಮಂಗಳೂರಿನಿಂದ ಬೆಂಗಳೂರಿನ ಜಯದೇವ ಆಸ್ಪತ್ರೆಗೆ ಐದು ಗಂಟೆಯೊಳಗೆ ಮುಟ್ಟಿಸಿದುದು ನಿಮಗೆ ನೆನಪಿರಬಹುದು. ದಾರಿಯುದ್ದಕ್ಕೂ ಪೊಲೀಸರೂ ಊರವರೂ ವಾಹನಗಳನ್ನು ಬದಿಗೆ ಸರಿಸಿ ನಿಂತರು. ಘಟ್ಟ ಹತ್ತಿ ಹೋಗುವ ಆ ದಾರಿ ಬಲ್ಲವರಿಗೆ ಅದರ ಬೆಲೆ ಗೊತ್ತು. ಒಂದು ವಾಹನವಾದುದರಿಂದ ಅದು ಸಾಧ್ಯವಾಯಿತು. ನೂರು ವಾಹನಗಳು ಸೈರನ್ ಹಾಕಿಕೊಂಡು ಹೊರಟಿದ್ದರೆ? ಉಳಿದವರು ದಾರಿಯ ಬದಿಯಲ್ಲಿಯೇ ದಿನ ಕಳೆಯಬೇಕಾಗಿತ್ತು. ಅಷ್ಟೇ ಅಲ್ಲ, ಆ ನೂರೂ ತಮ್ಮತಮ್ಮಲ್ಲಿಯೇ ಸಿಕ್ಕಿಹಾಕಿಕೊಳ್ಳುತ್ತಿದ್ದುವು.

ರೌಟರಿನಲ್ಲಿ ಇದು ಬರಿಯ ಊಹೆಯಲ್ಲ. ಗುರುತು ೪೬ನ್ನು ಬರೆಯಲು ಯಾರಿಗೂ ಲೈಟ್ನಿಂಗ್ ಕರೆಯ ದರ ತೆರಬೇಕಾಗಿಲ್ಲ. ಯಾವ ಪ್ರೋಗ್ರಾಮು ಬೇಕಾದರೂ ತನ್ನ ಪೊಟ್ಟಣಕ್ಕೆ ಅದನ್ನು ಹಚ್ಚಬಹುದು. ವೀಡಿಯೋ ಏರಿಸುವ ಪ್ರೋಗ್ರಾಮೇ ಸೈರನ್ ಹಾಕಿಕೊಂಡು ಬಂದರೆ ರೌಟರಿಗೆ ಮೋಸ ತಿಳಿಯುವುದು ಹೇಗೆ? ಆದುದರಿಂದ ೨೦೦೨ರ ನಿಯಮದಲ್ಲಿ ಒಂದು ಕಡ್ಡಾಯ ಮಾತು ಸೇರಿತು: ಉಳಿದುವನ್ನೆಲ್ಲ ತಡೆದು ಈ ಗುರುತಿನವಕ್ಕೆ ದಾರಿ ಬಿಡುವ ರೌಟರು, ಅವು ಇತರರಿಗೆ ಮಾಡಬಹುದಾದ ಹಾನಿಗೆ ಒಂದು ಮಿತಿಯನ್ನೂ ಹಾಕಲೇಬೇಕು. ಮೊದಲ ಸರದಿ ಉಂಟು, ಆದರೆ ಇಷ್ಟರವರೆಗೆ ಮಾತ್ರ. ಬೆಲೆಯ ಬೇಲಿ ಹೋದಲ್ಲಿ ಲೆಕ್ಕದ ಬೇಲಿ ಬಂತು.

ಈ ಬೇಲಿ ಕೆಲಸ ಮಾಡುವ ರೀತಿ ಸರಳ. ನಲ್ಲಿಯ ಕೆಳಗೆ ಇಟ್ಟ ಕೊಡಪಾನವನ್ನು ಎಣಿಸಿಕೊಳ್ಳಿ. ನೀರು ಒಂದೇ ಸಮನೆ ಸಣ್ಣಗೆ ಬೀಳುತ್ತಿರುತ್ತದೆ. ಹೊರಗೆ ಹೋಗುವ ಪ್ರತಿ ಧ್ವನಿಪೊಟ್ಟಣ ತನ್ನ ತೂಕಕ್ಕೆ ತಕ್ಕಷ್ಟು ನೀರನ್ನು ಅದರಿಂದ ಮೊಗೆದುಕೊಂಡು ಹೋಗಬೇಕು. ಕೊಡದಲ್ಲಿ ನೀರಿಲ್ಲದಿದ್ದರೆ ಆ ಪೊಟ್ಟಣಕ್ಕೆ ಮೊದಲ ಸರದಿಯಿಲ್ಲ, ಅಲ್ಲಿಯೇ ಬಿಸಾಡಬೇಕು. ಬಿಸಾಡುವುದೇಕೆ, ಕಾಯಿಸಬಾರದೇ ಎಂದರೆ, ತಡವಾದ ಧ್ವನಿಯಿಂದ ಯಾರಿಗೂ ಉಪಯೋಗವಿಲ್ಲವೆಂದು ಆಗಲೇ ನೋಡಿದೆವು. ವೀಡಿಯೋದ ವಿಷಯದಲ್ಲಿ ಕಾಯಿಸುವುದು ದಯೆ, ಮಾತಿನ ವಿಷಯದಲ್ಲಿ ಬಿಸಾಡುವುದೇ ದಯೆ.

ಆದರೆ ಇಲ್ಲಿ ಒಂದು ತೊಡಕು ಉಂಟು. ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಸ್ವಾರಸ್ಯವಾಗಿ ಕಂಡುದೂ ಇದೇ. ಹಂಪನಕಟ್ಟೆಯಲ್ಲಿ ಒಂದು ಕಚೇರಿ ಎಂದು ಭಾವಿಸಿ. ಲೈನು ಸೆಕೆಂಡಿಗೆ ೨೪ ಲಕ್ಷ ಬಿಟ್‌ನದು. ಮಾತಿಗೆ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಮೀಸಲಿಡಬೇಡಿ ಎಂಬುದು ಬಲ್ಲವರ ರೂಢಿಯ ಸಲಹೆ. ಅದರಂತೆ ೮ ಲಕ್ಷ ಬಿಟ್ ಮೀಸಲು. ೮೦,೦೦೦ದಂತೆ ಸರಿಯಾಗಿ ಹತ್ತು ಕರೆಗಳಾದುವು. ಹತ್ತು ಜನ ಮಾತನಾಡುತ್ತಿರುವಾಗ ಹನ್ನೊಂದನೆಯವರು ಫೋನು ಎತ್ತಿದರು. ಕೆಡುವುದು ಯಾರ ಮಾತು? ಹನ್ನೊಂದನೆಯವರದು ಎಂದು ನೀವು ಹೇಳಬಹುದು. ಅಲ್ಲ, ಹನ್ನೊಂದು ಜನರದೂ ಕೆಡುತ್ತದೆ. ಕೊಡಪಾನಕ್ಕೆ ಪೊಟ್ಟಣದ ತೂಕ ಗೊತ್ತು, ಯಾರು ಮೊದಲು ಬಂದವರು ಎಂಬುದು ಗೊತ್ತಿಲ್ಲ. ನೀರು ಮುಗಿದ ಕ್ಷಣದಲ್ಲಿ ಬಾಗಿಲಲ್ಲಿದ್ದವರ ಅಕ್ಷರ ಬಿದ್ದುಹೋಗುತ್ತದೆ. ಒಮ್ಮೆ ಇವರದು, ಒಮ್ಮೆ ಅವರದು. ಆದುದರಿಂದ ದೊಡ್ಡ ಕಚೇರಿಗಳಲ್ಲಿ ರೌಟರಿಗಿಂತ ಮುಂಚೆಯೇ ಇನ್ನೊಬ್ಬ ಕಾವಲುಗಾರನನ್ನು ಇಡುತ್ತಾರೆ: ಹತ್ತು ಕರೆ ನಡೆಯುತ್ತಿದ್ದರೆ ಹನ್ನೊಂದನೆಯದಕ್ಕೆ ಎಂಗೇಜ್ ಟೋನು ಕೇಳಿಸಿಬಿಡುವುದು. ಹಳೆಯ ಕಾಲದ ಟಣ್ ಟಣ್ ಶಬ್ದವನ್ನು ನಾವೆಲ್ಲ ಶಪಿಸಿದವರೇ. ಒಳಗಿದ್ದ ಹತ್ತು ಜನರ ಮಾತನ್ನು ಕಾಯುತ್ತಿದ್ದುದೂ ಅದೇ ಶಬ್ದ.

ಇನ್ನು, ಸರದಿ ಕೊಡುವವನು ಎಲ್ಲಿ ನಿಲ್ಲಬೇಕು? ಮನೆಗಳಲ್ಲಿ ಹೆಚ್ಚಾಗಿ ತಪ್ಪುವುದು ಇಲ್ಲಿ. ಕಾಸರಗೋಡು, ಉಳ್ಳಾಲದ ಕಡೆಯಿಂದ ಕಂಕನಾಡಿಯ ಆಸ್ಪತ್ರೆಗಳಿಗೆ ಬರುವ ಆಂಬುಲೆನ್ಸು ತೊಕ್ಕೊಟ್ಟು ದಾಟಿ, ನೇತ್ರಾವತಿ ಸೇತುವೆಯ ಮೇಲೆ ಬಂದು, ಪಂಪ್‌ವೆಲ್ ಸೇರಬೇಕಷ್ಟೆ. ವಾಹನಗಳು ಸೇತುವೆಯ ಮೇಲೆಯೇ ಕಟ್ಟಿಕೊಂಡು ನಿಂತಿದ್ದರೆ ಪಂಪ್‌ವೆಲ್ಲಿನಲ್ಲಿರುವ ಪೊಲೀಸನು ಎಷ್ಟು ಸೀಟಿ ಊದಿದರೇನು? ಅವನಿಗೆ ಸಾಲು ಕಾಣುವುದೇ ಇಲ್ಲ. ಬದಲಿಗೆ ತೊಕ್ಕೊಟ್ಟಿನಲ್ಲಿ ಒಬ್ಬನು ನಿಂತು, ಸೇತುವೆ ಹೊರಬಲ್ಲುದಕ್ಕಿಂತ ಕೊಂಚ ಕಡಮೆ ವಾಹನಗಳನ್ನು ಬಿಡುತ್ತ ಬಂದರೆ, ಸಾಲು ಅವನ ಕಣ್ಣೆದುರಿಗೆ ನಿಲ್ಲುತ್ತದೆ, ಸೇತುವೆ ಸದಾ ತೆರವಾಗಿರುತ್ತದೆ, ಆಂಬುಲೆನ್ಸು ಬಂದಾಗ ಪಕ್ಕದಿಂದ ದಾಟಿಸಿ ಕಳುಹಿಸಬಹುದು.

ಮನೆಯ ರೌಟರಿಗೂ ಇದೇ ಯುಕ್ತಿ. ಸಾಲು ಲೈನಿನವರ ಮೋಡೆಮ್ಮಿನಲ್ಲಿ ನಿಂತರೆ ಅಲ್ಲಿ ನಿಮ್ಮ ಮಾತು ನಡೆಯುವುದಿಲ್ಲ. ಲೈನು ೪೦ ಲಕ್ಷದ್ದಾದರೆ ರೌಟರಿಗೆ "ಮೂವತ್ತೈದು ಲಕ್ಷಕ್ಕಿಂತ ಹೆಚ್ಚು ಬಿಡಬೇಡ" ಎಂದು ಹೇಳಿಡಿ. ಸ್ವಲ್ಪ ಸ್ಪೀಡನ್ನು ಕೈಯಾರೆ ಬಿಟ್ಟುಕೊಟ್ಟಂತಾಯಿತು. ಆದರೆ ಸಾಲು ನಿಮ್ಮ ಮನೆಯೊಳಗೆ ಬಂತು, ಯಾರು ಮೊದಲು ಎಂದು ಹೇಳುವ ಅಧಿಕಾರವೂ ಬಂತು. ಕೆಲವು ರೌಟರುಗಳ ಪಟ್ಟಿಯಲ್ಲಿ ಇದು 'ಕ್ಯೂ.ಓ.ಎಸ್.' ಎಂದೂ, ಇನ್ನು ಕೆಲವದರಲ್ಲಿ 'ಎಸ್.ಕ್ಯೂ.ಎಂ.' ಎಂದೂ ಇರುತ್ತದೆ. ಎರಡನೆಯದು ದೊರೆತರೆ ಅದೇ ಲೇಸು. ೨೦೧೨ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ ಎಂಬವರು ಸೂಚಿಸಿದ ಉಪಾಯದಿಂದ ಬೆಳೆದು ಬಂದ ಆ ಕ್ರಮದಲ್ಲಿ ಯಾವ ಗುರುತನ್ನೂ ನಂಬಬೇಕಾಗಿಲ್ಲ. ಪ್ರತಿಯೊಂದು ಹರಿವಿಗೂ ಒಂದೊಂದು ಸಾಲು ಮಾಡಿ, ಎಲ್ಲದರಿಂದಲೂ ಸರದಿಯಂತೆ ತೆಗೆಯುತ್ತಾರೆ. ಯಾವ ಪೊಟ್ಟಣ ಹೆಚ್ಚು ಹೊತ್ತು ಕಾಯಿತೆಂದು ಗಡಿಯಾರ ನೋಡುತ್ತಿದ್ದು, ಕಾಯುವಿಕೆ ೫ ಮಿಲಿಸೆಕೆಂಡನ್ನು ಮೀರಿಯೇ ಉಳಿದರೆ ಆ ಸಾಲಿನದೊಂದನ್ನು ಬಿಸಾಡಿ, ಕಳುಹಿಸುವವನಿಗೆ ನಿಧಾನಿಸುವಂತೆ ತಿಳಿಸುತ್ತಾರೆ. ಸಣ್ಣಗೆ ಬರುವ ಮಾತಿಗೆ ತಾನಾಗಿಯೇ ದಾರಿ ಸಿಕ್ಕುತ್ತದೆ.

ಇಲ್ಲಿ ಒಂದು ಮಿತಿಯನ್ನು ಹೇಳದಿದ್ದರೆ ತಪ್ಪಾಗುತ್ತದೆ. ನಿಮ್ಮ ಅಧಿಕಾರ ನಿಮ್ಮ ಬಾಗಿಲಿನವರೆಗೆ. ಆಚೆಗೆ ಲೈನಿನವರು ನಿಮ್ಮ ಗುರುತು ೪೬ನ್ನು ಅಳಿಸಿಹಾಕಬಹುದು. ಅವರ ಜಾಲ, ಅವರ ಕ್ರಮ. ಒಂದು ಕಂಪನಿಯ ಕರೆಗೆ ಹಣ ಪಡೆದು ದಾರಿ ಬಿಟ್ಟು ಇನ್ನೊಂದರದನ್ನು ತಡೆಯುವಂತಿಲ್ಲವೆಂದು ನಮ್ಮ ಸರಕಾರ ೨೦೧೮ರಲ್ಲಿ ಗೊತ್ತುಮಾಡಿದೆ. ದಟ್ಟಣೆಯನ್ನು ತಕ್ಕ ರೀತಿಯಲ್ಲಿ ನಿಭಾಯಿಸುವ ಅವಕಾಶ ಮಾತ್ರ ಅವರಿಗೆ ಉಂಟು.

ಮೊಬೈಲಿನಲ್ಲಿ ಆ್ಯಪಿನ ಕರೆ ತುಂಡಾಗುವ ಜಾಗದಲ್ಲಿಯೇ ಸಾಮಾನ್ಯ ಕರೆ ಸರಿಯಾಗಿ ನಡೆಯುವುದನ್ನು ನೀವು ಕಂಡಿರಬಹುದು. ಎರಡೂ ಈಗ ಪೊಟ್ಟಣಗಳೇ. ವೋಲ್ಟಿ ಎನ್ನುವುದು ಇದನ್ನೇ. ೨೦೧೬ರಲ್ಲಿ ಜಿಯೋ ಬಂದ ಮೇಲೆ ಅದು ನಮ್ಮಲ್ಲಿ ಮನೆಮಾತಾಯಿತು. ಆದರೆ ಸಾಮಾನ್ಯ ಕರೆಗೆ ಕಂಪನಿಯವರು ತಮ್ಮ ಜಾಲದಲ್ಲಿ ಪ್ರತ್ಯೇಕ ದಾರಿ ಮಾಡಿ, ಇಷ್ಟು ಬಿಟ್ ಖಂಡಿತ ಎಂದು ಕಾದಿರಿಸಿ, ೧೦೦ ಮಿಲಿಸೆಕೆಂಡಿನೊಳಗೆ ದಾಟಿಸುವ ಲೆಕ್ಕ ಇಟ್ಟಿರುತ್ತಾರೆ. ಆ್ಯಪಿನ ಕರೆ ಅವರ ಪಾಲಿಗೆ ಸಿನಿಮಾ, ಆಟ, ಚಿತ್ರಗಳ ಜೊತೆಗೆ ಸಾಲಿನಲ್ಲಿ ನಿಂತ ಇನ್ನೊಂದು ಸರಕು. ಆಸ್ಪತ್ರೆಯ, ಔಷಧದ ಮಾತಾದರೆ ಊರೊಳಗೆ ಸಾಮಾನ್ಯ ಕರೆಯನ್ನೇ ಮಾಡುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಕುವೈತಿಗೆ ದಿನವೂ ಹಾಗೆ ಮಾಡಲು ದರ ಬಿಡುವುದಿಲ್ಲ.

ಮುಂದಿನ ಭಾನುವಾರಕ್ಕೆ ಮೊದಲು ಮೊಮ್ಮಗನೇ ಕುಳಿತು ರೌಟರಿಗೆ ಮೂವತ್ತೈದು ಲಕ್ಷದ ಬೇಲಿ ಹಾಕಿದ. ನೂರು ಕೋಟಿ ಬೈಟಿನ ಒಂದು ವೀಡಿಯೋ ಏರಲು ಮೊದಲು ಸುಮಾರು ೩೩ ಮಿನಿಟು ಹಿಡಿಯುತ್ತಿದ್ದುದು ಈಗ ೩೮ ಮಿನಿಟು ಆಗುತ್ತದೆಂದು ಲೆಕ್ಕ ಹಾಕಿ ತೋರಿಸಿ, "ಐದು ಮಿನಿಟು ಹೋಯ್ತಲ್ಲ ಅಜ್ಜಿ" ಎಂದು ಗೊಣಗಿದ. ಆ ರಾತ್ರಿ ಕರೆ ಬಂದಾಗ ಅವನ ವೀಡಿಯೋ ಏರುತ್ತಲೇ ಇತ್ತು. ಜಗಲಿಯಿಂದ ನಮಗೆ ಕೇಳಿಸಿದುದು ಒಂದೇ ಸಲ, ಅದೂ ಮೆಲ್ಲನೆ: "ಇಲ್ಲ ಮಗಾ, ನಿಲ್ಲಿಸಲಿಲ್ಲ. ನಿಲ್ಲಿಸಬೇಡಿ ಅಂತಲೇ ಹೇಳಿದ್ದು ಡಾಕ್ಟ್ರು."